ಅಳಿಯನ ಉಸಿರು

...ಮೊದಲು ಆ ಎಂಜಿನ್ ಆಫ್ ಮಾಡು, ಆಮೇಲೆ ಮಾತು. ಆಫ್ ಮಾಡಮ್ಮ. ಕೇಳಿಸ್ತಾ ಇಲ್ವಾ? ಹೊರಗೆ ಬೋರ್ಡು ನೋಡಲಿಲ್ವಾ, ಊಟದ ಬಿಡುವು ಒಂದೂವರೆಯಿಂದ ಎರಡೂವರೆ ಅಂತ? ಓದು ಬಾರದವಳೇನಲ್ಲವಲ್ಲ ನೀನು. ಹೋಗಲಿ, ಬಂದದ್ದು ಬಂದೆ, ನಾಲ್ಕೂ ಗಾಜು ಇಳಿಸಿಕೊಂಡು ಬಂದಿದ್ದೀಯಲ್ಲ, ಈ ಚಳಿಯಲ್ಲಿ? ಕೂದಲು ನೋಡ್ಕೊ, ಕಾಗೆ ಗೂಡು. ಮೂಗು ಕೆಂಪಗಾಗಿದೆ... ಅತ್ತದ್ದಾ, ಗಾಳಿಗಾ? ಗಾಳಿಗೇ ಇರಬೇಕು. ನೀನು ಅಳೋಳಲ್ಲ. ನನ್ನ ತಮ್ಮನನ್ನ ಕಾರಿನಿಂದ ಎಳೆದು ನೆಲದ ಮೇಲೆ ಮಲಗಿಸಿದ ದಿವಸವೇ ನೀನು ಅಳಲಿಲ್ಲ. ಇಡೀ ಆಸ್ಪತ್ರೆ ನೋಡಿತು.

ಕೂತ್ಕೊ. ಆ ಕುರ್ಚಿ ಬೇಡ, ಅದರ ಒಂದು ಕಾಲು ಸೀಳಿದೆ. ಗಿರಾಕಿಗಳಿಗೆ ಹಾಕೋ ಕುರ್ಚಿ ಅದು, ಮನೆಯವರಿಗಲ್ಲ. ...ಕೂರಲ್ವಾ? ನಿಂತ್ಕೊ. ನಿಂತೇ ಅಭ್ಯಾಸ ತಾನೆ ನಿಮಗೆ, ಆಸ್ಪತ್ರೆಯ ಬಟ್ಟೆ ಒಗೆಯೋರಿಗೆ.

ಏನಿದು ಕಾಗದ? ಕೊಡು ಇಲ್ಲಿ. ...ಓ. ಇದು ನಾನೇ ಕೊಟ್ಟ ಕಾಗದ. ಹೊಗೆ ಸರ್ಟಿಫಿಕೇಟ್, ನನ್ನ ತಮ್ಮನ ಗಾಡಿಯದು. ನನ್ನ ಸೀಲು, ನನ್ನ ರುಜು. ಅವಧಿ ಒಂದು ವರ್ಷ, ಹೋದ ಬುಧವಾರಕ್ಕೆ ಮುಗೀತು. ಗಾಡಿ ಇಟ್ಟುಕೊಂಡವರು ವರ್ಷಕ್ಕೊಂದು ಸಲ ಹೊಗೆ ತೋರಿಸಲೇಬೇಕು, ಇಲ್ಲದಿದ್ದರೆ ದಂಡ. ಕಾನೂನು ಪಾಲಿಸೋಕೆ ಬಂದಳಪ್ಪ ಮಹಾತಾಯಿ. ಗಂಡನನ್ನ ಹೊತ್ತಿಗೆ ಸರಿಯಾಗಿ ನೋಡಲಿಲ್ಲ, ಗಾಡಿಯ ತಾರೀಕು ಮಾತ್ರ ಮರೆಯಲಿಲ್ಲ.

ಯಾಕೆ ಬೇಕು ನಿನಗೆ ಈ ಗಾಡಿ, ಹೇಳು? ಗುಜರಿಯವನನ್ನ ಮೂರು ಸಲ ನಿಮ್ಮ ಮನೆಗೆ ಕಳಿಸಿದೆ. ಮೂರು ಸಲವೂ ಬಾಗಿಲಲ್ಲೇ ವಾಪಸ್. 'ನಿಮ್ಮ ನಾದಿನಿಯಂಥ ಹೆಂಗಸನ್ನ ನಾನು ನೋಡಿಲ್ಲ ಸ್ವಾಮಿ, ಟಾರ್ಪಾಲು ಎತ್ತಿ ನೋಡೋಕೂ ಬಿಡಲಿಲ್ಲ' ಅಂದ. ನಾದಿನಿಯಲ್ಲಪ್ಪ, ತಮ್ಮನ ಹೆಂಡತಿ ಅಂದೆ. ಗಂಡ ಸತ್ತ ಗಾಡಿಯನ್ನ ಮನೆ ಮುಂದೆ ಇಟ್ಟುಕೊಂಡು ಊಟ ಹೇಗೆ ಇಳಿಯುತ್ತೆ ನಿನಗೆ? ನಾನಾಗಿದ್ದರೆ ಮಾರನೆಯ ದಿನವೇ ಜಜ್ಜಿಸಿ ತಗಡು ಮಾಡಿಸ್ತಿದ್ದೆ.

ನಗು ಬಂತಾ? ಇಲ್ಲ? ನಕ್ಕ ಹಾಗೆ ಕಂಡಿತು.

ನೋಡು, ಎಂಜಿನ್ ಇನ್ನೂ ಓಡ್ತಾ ಇದೆ. ಪೆಟ್ರೋಲು ನಿನ್ನದು, ನನಗೇನು. ಶೆಡ್ಡಿಗೆ ಎರಡೂ ಕಡೆ ಗೋಡೆ ಇಲ್ಲ, ಗಾಳಿ ಆಡುತ್ತೆ, ಅದಕ್ಕೆ ಸುಮ್ಮನಿದ್ದೀನಿ.

ಆ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿಕೊಂಡಿದ್ದಾನಲ್ಲ, ಟ್ಯಾಕ್ಸಿಯವನು, ಅವನನ್ನ ನೋಡಿ ಮಾತು ಬಿಗಿ ಹಿಡಿಬೇಡ. ಅವನು ನಮ್ಮವನೇ. ಹದಿನಾರು ವರ್ಷದ ಗಾಡಿ ಅವನದು, ಸ್ಟಾರ್ಟ್ ಮಾಡಿದರೆ ಹೊಗೆಗೆ ಬೀದಿಯೇ ಕಾಣಲ್ಲ. ಆದರೆ ವರ್ಷಾ ವರ್ಷಾ ಪಾಸು. ಹೇಗೆ? ನಿನಗೆ ಗೊತ್ತಿಲ್ಲದ್ದೇನು. ಆ ಮೂಲೆಯ ಬಿಳಿ ಕಾರು, ಅದೇ ನಮ್ಮ ಅಳಿಯ. ಕೆಲಸ ಇಲ್ಲ, ಕಾರ್ಯ ಇಲ್ಲ, ಹೊತ್ತು ಹೊತ್ತಿಗೆ ಒಳ್ಳೆಯದು ಕುಡಿಸಬೇಕು, ದಿನಾ ಮೈ ಒರೆಸಬೇಕು, ಬಿಸಿಲಿಗೆ ನಿಲ್ಲಿಸೋ ಹಾಗಿಲ್ಲ. ಆದರೆ ಮನೆಯ ಮರ್ಯಾದೆ ಎಲ್ಲ ಅವನ ಕೈಯಲ್ಲಿ. ಯಾರ ಗಾಡಿ ಕೆಮ್ಮಿದರೂ ಸರಿ, ಕ್ಯಾಮೆರಾ ಆ ಗಾಡಿಯ ನಂಬರ್ ಪ್ಲೇಟಿಗೆ, ಮೆಷಿನ್ನಿನ ಕೊಳವೆ ಅಳಿಯನ ಬಾಲಕ್ಕೆ. ಅಳಿಯ ಒಂದು ಉಸಿರು ಬಿಟ್ಟ ಅಂದರೆ ಕಾಗದ ಸರಸರ ಬಂತು. ಈ ಊರಿನ ಅರ್ಧ ಗಾಡಿಗಳು ಅಳಿಯನ ಮೂಗಿನಿಂದಲೇ ಉಸಿರಾಡೋದು.

ಎಲ್ಲರೂ ಮಾಡ್ತಾರೆ. ರಸ್ತೆಯ ಆಚೆಯವನಿಗೆ ಇಬ್ಬರು ಅಳಿಯಂದಿರು.

ಅಲ್ಲ, ನೀನು ಬಂದದ್ದು ಇದಕ್ಕಲ್ಲ ಬಿಡು. ನನಗೆ ಗೊತ್ತಾಗಲ್ವಾ? ಸರ್ಟಿಫಿಕೇಟ್ ಒಂದು ನೆಪ. ನೀನು ಬಂದದ್ದು ಪುಟ್ಟಿಗೋಸ್ಕರ. 'ಭಾವ, ನನ್ನ ಮಗಳನ್ನ ಕಳಿಸಿಕೊಡಿ' ಅಂತ ಶುರು ಮಾಡ್ತೀಯ ಈಗ. ಕಳಿಸಲ್ಲ. ಹದಿನೈದು ದಿನಕ್ಕೆ ಅಂತ ತಂದು ಬಿಟ್ಟವಳು ನೀನೇ. ಪಾಳಿ ಕೆಲಸ, ಸ್ವಲ್ಪ ಸುಧಾರಿಸಿಕೊಳ್ತೀನಿ ಅಂದೆ. ಸುಧಾರಿಸಿಕೋ. ನಾವೇನು ಬೇಡ ಅಂದ್ವಾ? ಅಮ್ಮ ನಿನಗೆ ಒಂದೇ ಮಾತು ಹೇಳಿದಳು, ನಾನೂ ಪಕ್ಕದಲ್ಲೇ ಇದ್ದೆ. 'ನನ್ನ ಮಗ ತಾನಾಗಿ ಸಾಯಲಿಲ್ಲ ಅಂತ ತೋರಿಸು, ಆ ಗಳಿಗೆಯೇ ಮಗುವನ್ನ ಕರೆದುಕೊಂಡು ಹೋಗು.' ಅತ್ತೆ ಇಷ್ಟಾದರೂ ಅಂದಳಲ್ಲ ಅಂತ ಸಂತೋಷಪಡಬೇಕು ನೀನು. ಬೇರೆಯವರಾಗಿದ್ದರೆ ಅಂಗಳಕ್ಕೆ ಕಾಲಿಡೋಕೆ ಬಿಡ್ತಿರಲಿಲ್ಲ.

ತೋರಿಸು. ಎಲ್ಲಿದೆ? ತಂದಿದ್ದೀಯಾ ಚೀಲದಲ್ಲಿ?

ಪುಟ್ಟಿ ಚೆನ್ನಾಗಿದ್ದಾಳೆ. ಕೇಳಲಿಲ್ಲ ನೀನು, ಆದರೂ ಹೇಳ್ತೀನಿ. ಎರಡು ಜಡೆ ಹಾಕ್ತಾಳೆ ಅಮ್ಮ. ನಾಲ್ಕನೆಯ ತರಗತಿಗೆ ಬಂದಳು. ಪಕ್ಕದ ಮನೆಯ ಹುಡುಗಿಯರ ಜೊತೆ ನಡೆದುಕೊಂಡೇ ಹೋಗ್ತಾಳೆ ಶಾಲೆಗೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೊಂಡರೂ ಪರವಾಗಿಲ್ಲ. ನಿಮ್ಮ ಮನೆಯಲ್ಲಿದ್ದಾಗ ವಾರಕ್ಕೆರಡು ಸಲ ತಲೆನೋವು, ವಾಂತಿ, ಕಣ್ಣು ಕತ್ತಲೆ. ಡಾಕ್ಟರು ಕನ್ನಡಕ ಬರೆದುಕೊಟ್ಟರು, ಅದೂ ಆಯಿತು. ನಮ್ಮ ಮನೆಗೆ ಬಂದ ಮೇಲೆ ಒಂದು ದಿನ, ಒಂದೇ ಒಂದು ದಿನ ತಲೆನೋವು ಅಂದಿಲ್ಲ ಆ ಮಗು. ಕನ್ನಡಕ ಪೆಟ್ಟಿಗೆಯಲ್ಲಿ ಕೂತಿದೆ. ಇದರ ಅರ್ಥ ಏನು? ನೀನೇ ಹೇಳು. ತಲೆನೋವು ಆ ಮನೆಯದು. ತಲೆನೋವು ನಿನ್ನದು.

ಯಾಕೆ ಹಾಗೆ ನೋಡ್ತೀಯ?

...ಏನು ಹೊಸದು ಹೇಳಿದೆ ನಾನು? ಮನೆಗೆ ಬಂದವರಿಗೆಲ್ಲ ಹೇಳ್ತೀನಿ ಇದನ್ನ. ಹೂಂ, ಪುಟ್ಟಿಗೂ ಹೇಳಿದ್ದೀನಿ. ಅಪ್ಪ ಯಾಕೆ ಸತ್ತರು ದೊಡ್ಡಪ್ಪ ಅಂತ ಕೇಳಿದಳು. ಮಗುವಿನ ಹತ್ತಿರ ಸುಳ್ಳು ಹೇಳಲಾ? 'ನಿಮ್ಮಮ್ಮ ದಿನಾ ತಡ ಮಾಡ್ತಿದ್ದಳು, ಅಪ್ಪನಿಗೆ ಕಾದು ಕಾದು ಸಾಕಾಗಿ ಹೋಯಿತು' ಅಂದೆ. ಅತ್ತಳು ಸ್ವಲ್ಪ. ಆಮೇಲೆ ನಿನ್ನ ಹೆಸರು ಎತ್ತೋದು ಬಿಟ್ಟಳು. ಹೋದ ತಿಂಗಳು ನೀನು ಬಂದಾಗ ಹಿತ್ತಲಿಗೆ ಓಡಿದಳಲ್ಲ, ನಾವು ಅಡಗಿಸಿದ್ದು ಅಂದುಕೊಂಡೆಯಾ? ತಾನಾಗಿ ಹೋಗಿ ಬಚ್ಚಿಟ್ಟುಕೊಂಡದ್ದು.

ಹಲ್ಲು ಕಚ್ಚಬೇಡ. ತಡ ಮಾಡಿದೆಯೋ ಇಲ್ಲವೋ? ನಲವತ್ತು ನಿಮಿಷ. ನಾನು ಹೇಳೋದಲ್ಲ, ಪೊಲೀಸಿನವರು ಬರೆದದ್ದು. ಆರಕ್ಕೆ ಬಿಡಬೇಕಾದ ಪಾಳಿ, ಆರು ನಲವತ್ತಕ್ಕೆ ಹೊರಗೆ ಬಂದೆ. ಯಾಕೆ? ಹಾಸಿಗೆ ಹೊದಿಕೆ ಒಂದು ಕಡಿಮೆ ಬಂತಂತೆ. ಇನ್ನೂರ ಹನ್ನೆರಡು ಇರಬೇಕಿತ್ತಂತೆ, ಇನ್ನೂರ ಹನ್ನೊಂದು ಇತ್ತಂತೆ. ಸಿಕ್ಕಿತಾ ಆ ಇನ್ನೂರ ಹನ್ನೆರಡನೆಯದು? ಸಿಗದೆ ಇರುತ್ತಾ, ನಿನ್ನ ಗಂಡನ ಮೇಲೆ ಹೊದಿಸೋಕೆ ಬೇಕಿತ್ತಲ್ಲ.

...ಇರಲಿ. ಅಷ್ಟು ಹೇಳಬಾರದಿತ್ತು. ಹೊಟ್ಟೆ ಉರಿಯುತ್ತೆ, ಅದಕ್ಕೆ ಬಂತು. ನನ್ನ ಬೆನ್ನಿಗೆ ಬಿದ್ದವನು ಅವನು. ನೀನು ಹೊರಗಿನಿಂದ ಬಂದವಳು, ಇವತ್ತು ಅಳ್ತೀಯ, ನಾಳೆ ಇನ್ನೊಂದು ಮನೆ ನೋಡ್ಕೊಳ್ತೀಯ. ನನಗೆ ಇನ್ನೊಬ್ಬ ತಮ್ಮ ಎಲ್ಲಿಂದ ಬರ್ತಾನೆ?

ಆವತ್ತು ಜಡಿಮಳೆ, ಚಳಿ. ಗಾಜು ಏರಿಸಿ, ಹೀಟರ್ ಹಾಕಿಕೊಂಡು, ಎಂಜಿನ್ ಓಡಿಸಿಕೊಂಡೇ ಕೂತಿದ್ದ. ನಿನ್ನನ್ನ ಕರೆದುಕೊಂಡು ಹೋಗೋಕೆ ಐದೂವರೆಗೇ ಆಸ್ಪತ್ರೆಗೆ ಬಂದಿದ್ದ ಅಂತ ಕಾವಲಿನವನು ಹೇಳಿದ. ಕಾವಲಿನವನು ಎರಡು ಸಲ ನೋಡಿದನಂತೆ, ಮಲಗಿದ್ದಾರೆ ಅಂದುಕೊಂಡನಂತೆ. ಮುಖ ಕೆಂಪಗೆ, ಆರೋಗ್ಯವಾಗಿ ಕಾಣ್ತಿತ್ತಂತೆ. ಹೊಗೆಯಲ್ಲಿರೋ ಆ ವಿಷಗಾಳಿಯ ಗುಣವೇ ಅದು. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಕೂತು ಮುಖಕ್ಕೆ ಬಣ್ಣ ಕೊಡುತ್ತೆ.

ಪೊಲೀಸಿನವರು ನನ್ನನ್ನ ಕರೆಸಿದರು. ಕರೆಸದೆ ಏನು ಮಾಡ್ತಾರೆ, ಹೊಗೆಯ ವಿಷಯ, ಹೊಗೆಯ ಅಂಗಡಿ ನನ್ನದು, ಸತ್ತವನು ನನ್ನ ತಮ್ಮ. ಗಾಡಿಯ ಕಾಗದ ತೆಗೆದು ನೋಡಿದರು. ಹನ್ನೊಂದು ದಿನದ ಹಿಂದಿನದು, ಎಲ್ಲ ಅಂಕಿಯೂ ಚೊಕ್ಕ. 'ಗಾಡಿಯಲ್ಲಿ ದೋಷ ಇತ್ತಾ?' ಅಂದರು. ಇಲ್ಲ ಸಾರ್, ನಾನೇ ನೋಡಿದ್ದೀನಿ ಅಂದೆ. 'ಮತ್ತೆ ಒಳಗೆ ಹೊಗೆ ಹೇಗೆ ಬಂತು?' ಅಂದರು. ಹಿಂದಿನ ಸೀಟಿನ ಮೇಲೆ ರಬ್ಬರ್ ಕೊಳವೆ ಇತ್ತಲ್ಲ ಸಾರ್, ಅಂದೆ. ಅಷ್ಟೇ ಅಂದದ್ದು ನಾನು. ಇತ್ತೋ ಇಲ್ಲವೋ? ಇತ್ತು.

ಗೊತ್ತು, ಗೊತ್ತು. ಅದು ಅವನ ಕೆಲಸದ ಕೊಳವೆ. ತಕ್ಕಡಿ ರಿಪೇರಿಯವನು, ನೀರು ತುಂಬಿ ದೊಡ್ಡ ತಕ್ಕಡಿಯ ಮಟ್ಟ ನೋಡೋಕೆ ಇಟ್ಟುಕೊಂಡದ್ದು. ಯಾವಾಗಲೂ ಇರ್ತಿತ್ತು. ನಾನು ಇಲ್ಲ ಅಂದೆನಾ? ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. 'ಮನೆಯಲ್ಲಿ ಹೇಗಿತ್ತು?' ಅಂದರು. ಅಷ್ಟಕ್ಕಷ್ಟೇ ಸಾರ್, ಅಂದೆ. ಆತ್ಮಹತ್ಯೆ ಅಂತ ಅವರು ಬರೆದುಕೊಂಡರು. ಪೆನ್ನು ಅವರದು, ಕೈ ಅವರದು.

ಈಗೇನು ತೆಗೀತಿದ್ದೀಯ? ಇನ್ನೊಂದು ಪುಸ್ತಕವಾ? ಚೀಲ ಅಲ್ಲ ಅದು, ಕಚೇರಿ.

...ಪುಟ್ಟಿಯ ಶಾಲೆಯ ಡೈರಿ. ಹೋದ ವರ್ಷದ್ದು. ಇದನ್ನ ಇಟ್ಟುಕೊಂಡು ನಾನೇನು ಮಾಡಲಿ, ಪಾಠ ಒಪ್ಪಿಸಲಾ? ಪುಟ ಮಡಿಚಿಟ್ಟಿದ್ದೀಯ. 'ಎರಡನೆಯ ಪಿರಿಯಡ್ಡಿನಲ್ಲಿ ತಲೆನೋವು, ಮಲಗಿಸಲಾಯಿತು.' ಆಹಾ, ಟೀಚರಮ್ಮನ ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗೆ. ಮಂಗಳವಾರ. 'ತಲೆನೋವು, ಒಂದು ಸಲ ವಾಂತಿ.' ಶುಕ್ರವಾರ. 'ತಲೆನೋವು.' ಮಂಗಳವಾರ. ಈ ಟೀಚರಿಗೂ ಬೇರೆ ಕೆಲಸ ಇಲ್ಲ. ಶುಕ್ರವಾರ... ಮಂಗಳವಾರ... ಮಂಗಳವಾರ ಶುಕ್ರವಾರ ಗಣಿತ ಇರಬೇಕು ನಿನ್ನ ಮಗಳಿಗೆ. ನನಗೂ ಹಾಗೇ ಆಗ್ತಿತ್ತು.

ಹಾಂ? ಬೆರಳು ಎಲ್ಲಿ ಇಡ್ತಿದ್ದೀಯ... 'ಇಂದು ತಂದೆಯವರು ಕಾರಿನಲ್ಲಿ ಬಿಟ್ಟರು.' ಸರಿ. ಮಂಗಳವಾರ ಶುಕ್ರವಾರ ಅವನಿಗೆ ಮಾರುಕಟ್ಟೆಯ ಕಡೆ ಅಂಗಡಿಗಳ ಕೆಲಸ, ಶಾಲೆ ದಾರಿಯಲ್ಲೇ, ಬಿಡ್ತಿದ್ದ. ಹಿಂದಿನ ಸೀಟಿನಲ್ಲಿ ಕೂರಿಸಿ... ಉಳಿದ ದಿನ ನಡೆದು...

ಮಕ್ಕಳಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತೆ. ಎಲ್ಲ ಮಕ್ಕಳಿಗೂ. ಇದೊಂದು ದೊಡ್ಡ ವಿಷಯ ಅಂತ ಪುಸ್ತಕ ಹೊತ್ತುಕೊಂಡು ಬಂದಳು. ನಾನೂ ಅವನಿಗೆ ಅದನ್ನೇ ಹೇಳಿದ್ದು.

...ಯಾವಾಗ ಅಂದರೆ? ಯಾವಾಗಲೋ. ಮಾತಿಗೆ ಮಾತು ಬಂತು.

ನೀನು ಬಾಯಿ ಬಿಡಲ್ಲ, ನನ್ನ ಬಾಯಿಂದ ಮಾತ್ರ ಬರಬೇಕು. ಒಳ್ಳೆಯ ಉಪಾಯ. ಬಾವಿಗೆ ಕೊಡ ಬಿಟ್ಟವಳ ಹಾಗೆ ನಿಂತಿದ್ದಾಳೆ. ಸರಿ, ಕೇಳು, ನನಗೇನು ಭಯ? ಟೆಸ್ಟಿಗೆ ಬಂದ ದಿನ ಹೇಳಿದ. 'ಅಣ್ಣ, ಹಿಂದೆ ಕೂತಾಗ ಮಗು ತಲೆನೋವು ಅಂತಾಳೆ, ಸ್ವಲ್ಪ ಸರಿಯಾಗಿ ನೋಡು' ಅಂದ. ಹೇಳೋದು ಹೇಳಿದ, ಮೆಲ್ಲಗೆ ಹೇಳಬಾರದಾ? ಹನ್ನೊಂದು ಗಾಡಿ ಸಾಲಿನಲ್ಲಿ ನಿಂತಿವೆ. ನೀನು ಮನೆಯವನು, ಮುಂದೆ ಬಾರೋ ಅಂದೆ. ಬರಲ್ಲ ಅಂದ. ಸಾಲಿನಲ್ಲೇ ಒಂದೂವರೆ ಗಂಟೆ ನಿಂತ, ನನ್ನ ಮರ್ಯಾದೆ ತೆಗೆಯೋಕೆ. ಸರದಿ ಬಂದಾಗ ನಾನು ಅಭ್ಯಾಸದ ಮೇಲೆ ಕೊಳವೆ ತಗೊಂಡು ಅಳಿಯನ ಕಡೆ ಹೊರಟೆ. ಅಷ್ಟಕ್ಕೆ, ಎಲ್ಲರ ಮುಂದೆ, 'ಅಣ್ಣ, ನನಗೆ ಅಳಿಯನ ಉಸಿರು ಬೇಡ, ನನ್ನ ಗಾಡಿಯದ್ದೇ ನೋಡು. ಪಾಸಾಗದಿದ್ದರೆ ಪಾಸಾಗಿಲ್ಲ ಅಂತಲೇ ಬರೆದುಕೊಡು' ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಈ ಟ್ಯಾಕ್ಸಿಯವನೂ ನಕ್ಕ. ಎರಡು ಗ್ರಾಂ ಆಚೀಚೆ ಆದರೆ ತಕ್ಕಡಿಗೆ ಮುದ್ರೆ ಒತ್ತದವನು, ಸತ್ಯವಂತ. ಅಣ್ಣ ಕಳ್ಳ. ನಮ್ಮಪ್ಪ ಇದ್ದಾಗಲೂ ಹೀಗೆ. ಅವನು ತೂಕಕ್ಕೆ ಸರಿ, ನಾನು ಯಾವಾಗಲೂ ಕಮ್ಮಿ.

ನೋಡಿದೆ. ಯಾಕೆ ನೋಡಲಿಲ್ಲ ಅಂತೀಯ, ಅವನ ಗಾಡಿಗೇ ಕೊಳವೆ ಹಾಕಿದೆ. ಎರಡು ಸಲ ಹಾಕಿದೆ. ಮೆಷಿನ್ ತಗೊಳ್ಳಲಿಲ್ಲ. 'ಗಾಳಿ ಬೆರೆತಿದೆ' ಅಂತ ಬಂತು ಪರದೆ ಮೇಲೆ.

...ಏನಿಲ್ಲ, ಅದು ಸಾಮಾನ್ಯ. ಎಂಜಿನ್ನಿನಿಂದ ಹೊರಟ ಹೊಗೆ ಬಾಲದವರೆಗೆ ಪೂರ್ತಿ ಬರಬೇಕು. ದಾರಿಯಲ್ಲಿ ಎಲ್ಲಾದರೂ ಪೈಪು ತೂತಾಗಿದ್ದರೆ ಅಲ್ಲಿ ಸೋರುತ್ತೆ, ಹೊರಗಿನ ಗಾಳಿ ಸೇರಿಕೊಳ್ಳುತ್ತೆ. ಆಗ ಹಾಗೆ ತೋರಿಸುತ್ತೆ. ಸೋರಿದ್ದು ಎಲ್ಲಿಗೋ ಹೋಗುತ್ತೆ. ಬೀದಿಗೆ ಹೋಗುತ್ತೆ. ಮಳೆ ನೀರು ನಿಂತಿದ್ದರೂ ಹಾಗೆ ತೋರಿಸುತ್ತೆ. ಕೊಳವೆ ಸಡಿಲ ಇದ್ದರೂ ತೋರಿಸುತ್ತೆ. ಹತ್ತು ಕಾರಣ.

ಡಿಕ್ಕಿಯಲ್ಲಿ ತೂಕದ ಕಲ್ಲುಗಳನ್ನ ಹೊತ್ತು ಹೊತ್ತು ಅವನ ಗಾಡಿಯ ಹಿಂಭಾಗ ಇಳಿದುಹೋಗಿತ್ತು. ಇಪ್ಪತ್ತು ಕೇಜಿಯ ಎಂಟು ಕಬ್ಬಿಣದ ಕಲ್ಲು, ಚಿಲ್ಲರೆ ಬೇರೆ. ಎಲ್ಲಿ ರಸ್ತೆಯ ಉಬ್ಬು ಬಂದರೂ ಹೊಟ್ಟೆ ಉಜ್ಜುತ್ತಿತ್ತು. ಆ ಉಬ್ಬಿನ ಮೇಲೆ ಕರ್ರ್ ಅಂತ ಶಬ್ದ ಬಂದರೆ ಸಾಕು, ನಮ್ಮ ತಕ್ಕಡಿ ಬಂದ ಅಂತ ಗೊತ್ತಾಗ್ತಿತ್ತು ನನಗೆ. ಹಿಂದಿನ ಸೀಟಿನ ಕೆಳಗೇ ಹಾದುಹೋಗೋ ಪೈಪು ಸವೆಯದೆ ಇರುತ್ತಾ? ಕಲ್ಲುಗಳನ್ನ ಮನೆಯಲ್ಲಿ ಇಡೋ ಅಂತ ನೂರು ಸಲ ಹೇಳಿದ್ದೆ.

ಆಮೇಲೆ ಏನು, ಅವನು ಹೊರಗೆ ನಿಂತು ಸಾಲಿನವರ ಜೊತೆ ಮಾತಾಡ್ತಿದ್ದ. ಅವರಿಗೆ ಮಾಪನದ ಪಾಠ ಹೇಳ್ತಿದ್ದ. ನಾನು ಅಳಿಯನಿಗೆ ಹಾಕಿ ಎಳೆದೆ ಕಾಗದ. ತಗೋ ಮಹಾರಾಯ, ನಿನ್ನ ಗಾಡಿಯದೇ ಉಸಿರು, ಅಪ್ಪಟ ಚಿನ್ನ ಅಂತ ಕೈಗಿಟ್ಟೆ. ಅವನ ಮುಖ ನೋಡಬೇಕಿತ್ತು ನೀನು. ಎರಡು ಸಲ ಓದಿದ. 'ಥ್ಯಾಂಕ್ಸ್ ಅಣ್ಣ, ಈಗ ಮನಸ್ಸಿಗೆ ಸಮಾಧಾನ' ಅಂದ. ಮನೆಗೆ ಹೋಗುವವರೆಗೂ ನಕ್ಕೆ ನಾನು. ಸತ್ಯವಂತನ ಜೇಬಿನಲ್ಲಿ ಸುಳ್ಳು ಕಾಗದ. ಯಾವತ್ತಾದರೂ ಒಂದು ದಿನ, ನಾಲ್ಕು ಜನ ಇದ್ದಾಗ, ಹೇಳೋಣ ಅಂತಿದ್ದೆ. ಲೋ, ನೀನೂ ನಮ್ಮ ಅಳಿಯನ ಕಡೆಯವನೇ ಕಣೋ ಅಂತ. ಒಂದು ತಮಾಷೆ. ಅಣ್ಣತಮ್ಮಂದಿರ ನಡುವೆ ತಮಾಷೆ ಇರಲ್ವಾ?

ಹನ್ನೊಂದೇ ದಿನಕ್ಕೆ ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?

ಏಯ್ ಟ್ಯಾಕ್ಸಿ. ಈ ಕಡೆ ತಿರುಗಿ ಯಾಕಯ್ಯ ಕೇಳಿಸಿಕೊಳ್ತೀಯ, ನಿನ್ನ ಡಬ್ಬಿ ನೋಡ್ಕೊ ನೀನು. ಊಟ ಮುಗಿಯಿತಾ? ಮುಗಿದಿದ್ದರೆ ಕೈ ತೊಳಿ, ನಲ್ಲಿ ಆ ಕಡೆ.

ನೀನೂ ಸುಮ್ಮನೆ ಇಲ್ಲದ್ದು ಹೊಸೀಬೇಡ. ಕಾಗದ ಅಳಿಯನದಾದರೆ ಏನಾಯಿತು? ಅದರಿಂದ ಗಾಡಿ ಕೆಟ್ಟಿತ್ತು ಅಂತ ಆಗುತ್ತಾ? ಕೊಳವೆ ಸಡಿಲ ಇತ್ತು ಅಂದೆನಲ್ಲ. ಗಾಡಿ ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ನೋಡು, ಎಷ್ಟು ಮೆತ್ತಗೆ ಓಡ್ತಿದೆ. ಸತ್ತವನು ಸಾಯಬೇಕು ಅಂತಲೇ ಸತ್ತ. ತಡವಾಗಿ ಬಂದವಳು ನೀನು. ಇದು ಬದಲಾಗಲ್ಲ. ಅಮ್ಮನ ಎದುರಿಗೂ ಇದನ್ನೇ ಹೇಳ್ತೀನಿ, ಪುಟ್ಟಿ ಎದುರಿಗೂ ಇದನ್ನೇ ಹೇಳ್ತೀನಿ.

ಟೆಸ್ಟ್ ಬೇಕಾ? ಮಾಡ್ತೀನಿ ಬಾ. ಗಿರಾಕಿ ಗಿರಾಕಿಯೇ. ಎಲ್ಲಿ ಕೊಳವೆ... ಇಲ್ಲಿದೆ. ಮೆಷಿನ್ ಬಿಸಿಯಾಗೋಕೆ ಎರಡು ನಿಮಿಷ. ನಂಬರ್ ಪ್ಲೇಟು ಕ್ಯಾಮೆರಾಗೆ ಕಾಣ್ತಿದೆ, ಸರಿ. ಹಾಕಿದೆ ನೋಡು...

ಏನು? ಏನು ಬೆರಳು ತೋರಿಸ್ತಿದ್ದೀಯ?

...ಓ. ಕೈ ತಾನಾಗಿ ಅಳಿಯನ ಕಡೆಗೇ ಹೋಯಿತು. ಹನ್ನೆರಡು ವರ್ಷದ ಅಭ್ಯಾಸ. ನಗಬೇಡವೋ ಟ್ಯಾಕ್ಸಿ, ನಿನ್ನ ಗಾಡಿಗೂ ಇದೇ ಕೈ.

ಎಲ್ಲಿಗೆ ಹೊರಟೆ? ಹೋಗ್ತಿದ್ದೀಯಾ? ಟೆಸ್ಟ್ ಬೇಡವಾ? ಗಾಜು ಯಾಕೆ ಏರಿಸ್ತಿದ್ದೀಯ? ಚಳಿಯಾಯಿತಾ ಈಗ? ಬರೋವಾಗ ಇಳಿಸಿಕೊಂಡು ಬಂದೆ, ನಿಂತ ಗಾಡಿಗೆ ಏರಿಸ್ತಿದ್ದಾಳೆ. ಒಂದು... ಎರಡು... ಎಲ್ಲವನ್ನೂ ಏರಿಸಬೇಡ, ಎಂಜಿನ್ ಓಡ್ತಿದೆ. ಹೀಟರ್ ಬೇರೆ ಹಾಕಿದ್ದೀಯಾ? ಶಬ್ದ ಕೇಳಿಸ್ತಿದೆ. ಆಫ್ ಮಾಡು ಅಂತ ಆಗಿನಿಂದ ಬಾಯಿ ಬಡ್ಕೊಳ್ತಿದ್ದೀನಿ.

ಹಿಂದಿನ ಬಾಗಿಲು ಯಾಕೆ ತೆಗೆದೆ?

ಯಾರು ಕೂರಬೇಕು? ...ನಾನಾ?

ಇದೇನು ಹುಡುಗಾಟ? ಊಟ ಆಗಿಲ್ಲ ನನಗೆ. ಎರಡೂವರೆಗೆ ಗಿರಾಕಿಗಳು ಬರ್ತಾರೆ. ಕೂತ್ಕೊಂಡು ಏನು ಮಾಡಲಿ ನಾನು, ನಿನ್ನ ಮಗಳ ಜಾಗದಲ್ಲಿ? ಗಾಡಿ ಚೆನ್ನಾಗಿದೆ ಅಂದೆನಲ್ಲ. ಅಂದ ಮೇಲೆ ಮುಗೀತು. ಬಾಯಿ ಮಾತು ಸಾಲದಾ? ...ಗಡಿಯಾರ ಬಿಚ್ಚಿ ಬಾನೆಟ್ ಮೇಲೆ ಇಡ್ತಿದ್ದೀಯ. ಅದು ಅವನ ಗಡಿಯಾರ. ಎಷ್ಟು, ಹತ್ತು ನಿಮಿಷವಾ? ನಲವತ್ತಾ?

ಮಾತಾಡು. ಕತ್ತೆಯ ಹಾಗೆ ಬಾಗಿಲು ಹಿಡಿದುಕೊಂಡು ನಿಂತರೆ ನಾನು ಏನು ಅಂತ ತಿಳ್ಕೋಬೇಕು? ನೀನ್ಯಾಕೋ ಟ್ಯಾಕ್ಸಿ, ಎದ್ದು ಬಂದೆ ಇಲ್ಲಿಗೆ? ಕೈ ಎಂಜಲು ಒಣಗ್ತಿದೆ, ಹೋಗು ತೊಳಿ. 'ಕೂತ್ಕೊಂಡು ಬಿಡಿ ಸಾರ್, ಹತ್ತು ನಿಮಿಷ ತಾನೆ' ಅಂತೆ. ನಿನ್ನನ್ನ ಕೇಳಿದೆನಾ? ಬೇಕಾದರೆ ನೀನು ಕೂರು... ಬೇಡ. ನೀನು ಕೂರಬೇಡ. ನಿಲ್ಲು, ಅಲ್ಲೇ ನಿಲ್ಲು.

ಕೂರ್ತೀನಿ. ಕೂರಲ್ಲ ಅಂದೆನಾ? ಹೆದರ್ತೀನಿ ಅಂದುಕೊಂಡೆಯಾ? ಸಾಯಂಕಾಲ ಹೋಗಿ ಅಮ್ಮನ ಹತ್ತಿರ ಹೇಳ್ತೀಯ, ಅದಕ್ಕೆ ತಾನೆ ಇದೆಲ್ಲ? ಹೇಳು. ಭಾವ ಕೂತರು, ಹತ್ತು ನಿಮಿಷ ಕೂತರು, ಗಾಡಿಗೆ ಏನೂ ಆಗಿರಲಿಲ್ಲ, ತಪ್ಪು ನನ್ನದೇ ಅಂತ ಹೇಳು. ಪುಟ್ಟಿಯನ್ನ ಮರೆತುಬಿಡು. ಒಪ್ಪಿಗೆಯಾ?

ಸರಿ, ಸರಿ. ಬೆನ್ನು ನೋವು ನನಗೆ, ಹಿಂದೆ ಬಗ್ಗಿ ಹತ್ತೋಕಾಗಲ್ಲ. ಮುಂದೆ ಕೂರ್ತೀನಿ. ...ಎಲ್ಲಿ ಕೂತರೇನು, ಗಾಡಿ ಒಂದೇ ತಾನೆ? ಮುಂದಿನ ಬಾಗಿಲು ತೆಗಿ. ಯಾಕೆ, ಹಿಂದೆಯೇ ಆಗಬೇಕಾ? ಹಿಂದೆ ಏನಿದೆ ಅಂತ?

ನಾನೇನು ಹೇಳಿದೆ ಈಗ.

ಹಾಗೆ ನೋಡಬೇಡ. ಹಿಂದೆಯೇ ಕೂರ್ತೀನಿ, ಆಯಿತಾ? ಈ ಅಂಚಿಗೆ ಕೂರ್ತೀನಿ, ಬಾಗಿಲ ಪಕ್ಕಕ್ಕೆ. ಆ ನಡುವಿನಲ್ಲಿ ಬೇಡ. ಬಾಗಿಲು ಪೂರ್ತಿ ಹಾಕಬೇಡ, ಹಿಡಿ ಕೆಟ್ಟಿದ್ದರೆ... ಸರಿ, ಹಾಕು. ಹಾಕು ಬಾಗಿಲು. ಆದರೆ ಒಂದು ಗಾಜು. ಈ ಕಡೆಯದ್ದೊಂದು. ಪೂರ್ತಿ ಬೇಡ, ನಾಲ್ಕು ಬೆರಳು ಇಳಿಸು ಸಾಕು.

ನಾಲ್ಕು ಬೇಡ, ಎರಡು.

...ಎರಡು ಬೆರಳು ಗಾಜು ಇಳಿಸಮ್ಮ, ಕೂರ್ತೀನಿ.